ಕೌದಿಯೊಳಗಿನ ಗೂಡ್ಸ್ ಡಬ್ಬಿಗಳು

ನಾನು ಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನದನ್ನು ಹೇಳುವುದು ಸಲೀಸು. ಹಾವು, ಸಿಡಿಲು, ಶಾಲೆ ತಪಾಸಣೆಗೆ ಬರುವ ಸಾಹೇಬರು, ಇವಕ್ಕೆಲ್ಲ ಯಾರಾದರೂ ಹೆದರುತ್ತಾರೆ. ನಾನು ಹೆದರುವುದು ನನ್ನ ಹೆಂಡತಿ ಸುವರ್ಣಾ ಕಸಬರಿಗೆ ಹಿಡಿದು ಮಂಚದ ಕೆಳಗೆ ಬಗ್ಗಿದಾಗ. ಚಟವಿದ್ದವನ ಮನೆಯಲ್ಲಿ ಕಸ ಗುಡಿಸುವುದೆಂದರೆ ಪೊಲೀಸರು ಮನೆ ಜಾಲಾಡುವ ಝಡತಿ ಇದ್ದಂತೆ.

ನನ್ನ ಚಟ ಎಲೆ-ತಂಬಾಕಿನದಲ್ಲ, ಇಸ್ಪೀಟಿನದೂ ಅಲ್ಲ. ಆಟಿಕೆ ರೈಲಿನ ಹಳೆಯ ಗೂಡ್ಸ್ ಡಬ್ಬಿಗಳದು. ನಮ್ಮ ಬೈಲಹೊಂಗಲಕ್ಕೆ ನಿಜವಾದ ರೈಲು ಇನ್ನೂ ಬಂದಿಲ್ಲ. ನೋಡಬೇಕೆಂದರೆ ಬಸ್ಸು ಹತ್ತಿ ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ನನ್ನ ಮನೆಗೆ ಮಾತ್ರ ಹನ್ನೊಂದು ಡಬ್ಬಿಗಳು ಬಂದು ತಲುಪಿವೆ. ಎಲ್ಲವೂ ಗೇಣುದ್ದದ ತಗಡಿನವು, ಕಂದು ಬಣ್ಣದವು, ಒಂದೇ ಅಚ್ಚಿನವು. ವ್ಯತ್ಯಾಸವೆಲ್ಲ ಮೇಲಿನ ಬಣ್ಣದಲ್ಲಿ. ಒಂದರ ನಂಬರು ಬಿಳಿ, ಇನ್ನೊಂದರದು ಹಳದಿ. ಒಂದರ ಬಾಗಿಲಿಗೆ ಕಪ್ಪು ಗೆರೆ ಇದೆ, ಇನ್ನೊಂದಕ್ಕಿಲ್ಲ. ಒಂದರ ನಂಬರಿನಲ್ಲಂತೂ ಏಳನ್ನು ತಲೆಕೆಳಗಾಗಿ ಅಚ್ಚು ಹಾಕಿದ್ದಾರೆ. ಅದನ್ನು ಹುಡುಕಲು ನನಗೆ ನಾಲ್ಕು ವರ್ಷ ಹಿಡಿಯಿತು. ಹೊಟ್ಟೆಪಾಡಿಗೆ ನಾನು ಗಣಿತದ ಮಾಸ್ತರ. ಮಕ್ಕಳು ಏಳನ್ನು ತಿರುಗಿಸಿ ಬರೆದರೆ ಮಾರ್ಕ್ಸು ಕಡಿಯುತ್ತೇನೆ.

ಸುವರ್ಣಾಳ ತಿಳಿವಳಿಕೆಯಲ್ಲಿ ನನ್ನ ಹತ್ತಿರ ಇರುವುದು ಒಂದೇ ಡಬ್ಬಿ. ಶೋಕೇಸಿನಲ್ಲಿ ಒಂದನ್ನೇ ಇಡುತ್ತೇನೆ, ಆಗಾಗ ಗುಟ್ಟಾಗಿ ಬದಲಿಸುತ್ತೇನೆ. ಒಮ್ಮೆ ಅವಳು, "ಇದರ ನಂಬರ ಬಿಳೇದಿತ್ತಲ್ರಿ?" ಎಂದಳು.

"ಏ, ಅದ ಐತಿ. ಬಿಸಲಿಗೆ ಹಂಗ ಕಾಣತೈತಿ," ಎಂದೆ.

ಅವಳು ತಲೆಯಾಡಿಸಿ ಒಳಗೆ ಹೋದಳು. ಹೆಂಡತಿ ಇಷ್ಟು ಬೇಗ ಒಪ್ಪಿದಾಗಲೇ ಹೆದರಬೇಕಿತ್ತು. ನಾನು ಆ ಹೊತ್ತಿನಲ್ಲೇ ಧೈರ್ಯಶಾಲಿಯಾದೆ.

ಉಳಿದ ಹತ್ತನ್ನು ಟ್ರಂಕಿನಲ್ಲಿ, ಬೀಗರಿಗೆಂದು ಎತ್ತಿಟ್ಟ ಕೌದಿಗಳ ಮಡಿಕೆಯಲ್ಲಿ ಬಚ್ಚಿಟ್ಟಿದ್ದೆ. ಬೀಗರು ಬರುವ ಮುನ್ಸೂಚನೆ ಸಿಕ್ಕೇ ಸಿಗುತ್ತದೆ ಎಂಬುದು ನನ್ನ ಜಾಣತನ. ಆದರೆ ನವರಾತ್ರಿಯ ಘಟ ಹಾಕುವ ಮೊದಲು ಮನೆಯ ಹಾಸಿಗೆ-ಹೊದಿಕೆಯೆಲ್ಲ ಹೊಳೆ ಕಾಣಬೇಕು ಎಂಬ ನಮ್ಮ ಕಡೆಯ ಪದ್ಧತಿಯನ್ನು ಮರೆತುಬಿಟ್ಟಿದ್ದೆ. ಆ ದಿನ ಬೆಳಿಗ್ಗೆ ಓಣಿಯ ಹೆಂಗಸರು ಹೊಳೆ ದಂಡೆಯ ಮುನವಳ್ಳಿಗೆ ಟೆಂಪೋ ಮಾಡಿದ್ದರು. ಕೌದಿಗಳ ಭಾರವಾದ ಗಂಟನ್ನು ಹೊತ್ತು ಟೆಂಪೋಕ್ಕೆ ಏರಿಸಿದವನು ನಾನೇ. "ಈ ಸಲ ಕೌದಿ ಭಾಳ ವಜ್ಜ ಆಗ್ಯಾವಲ್ಲ?" ಎಂದೂ ಕೇಳಿದೆ. "ನಿಮಗ ವಯಸ್ಸಾತು," ಎಂದಳು ಸುವರ್ಣಾ.

ಎರಡನೇ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಏಳು ಬರೆಯುತ್ತಿದ್ದಾಗ ಕೌದಿಯೊಳಗಿನ ಡಬ್ಬಿಗಳು ನೆನಪಾದವು. ಅರ್ಧ ದಿನದ ರಜೆ ಬರೆದುಕೊಟ್ಟು ಗಾಡಿ ಓಡಿಸಿದೆ. ದಾರಿಯುದ್ದಕ್ಕೂ ಎರಡೇ ಭಯ. ಡಬ್ಬಿ ಸಿಗದೆ ಕೌದಿಯನ್ನು ಹಾಗೆಯೇ ಬಂಡೆಗೆ ಬಡಿದರೆ ಅವು ಅಪ್ಪಚ್ಚಿ, ಸಿಕ್ಕರೆ ನಾನು.

ಮಲಪ್ರಭೆಯ ದಂಡೆಯಲ್ಲಿ ಕೌದಿಗಳು ಒಣಗುತ್ತಿದ್ದವು. ಬಂಡೆಯ ಮೇಲೆ ಹತ್ತು ಡಬ್ಬಿಗಳು ಸಾಲಾಗಿ ಕುಳಿತು ಥಳಥಳ ಹೊಳೆಯುತ್ತಿದ್ದವು. ಬಿಳಿ ನಂಬರಿಲ್ಲ, ಹಳದಿಯಿಲ್ಲ, ಕಪ್ಪು ಗೆರೆಯಿಲ್ಲ, ಬರೀ ತಗಡು.

"ಕೌದ್ಯಾಗ ಸಿಕ್ಕೂರಿ," ಎಂದಳು ಸುವರ್ಣಾ ನಗುತ್ತ. "ಹಬ್ಬಕ್ಕ ಮೈಲಿಗಿ ಉಳೀಬಾರದು ಅಂತ ಸೋಡಾ, ಉಸುಕ ಹಚ್ಚಿ ತಿಕ್ಕೇನಿ. ಹೆಂಗ ಅದಾವ?"

"ಛೊಲೋ ಅದಾವ," ಎಂದೆ. ಅಳು ಬಂದಿತ್ತು. ಬೆವರು ಒರೆಸುವ ನೆವದಲ್ಲಿ ಕಣ್ಣನ್ನೂ ಒರೆಸಿಕೊಂಡೆ.

ಮನೆಗೆ ಬಂದವಳೇ ಶೋಕೇಸಿನಿಂದ ಹನ್ನೊಂದನೆಯದನ್ನು ತೆಗೆದಳು. ಆ ತಿಂಗಳು ಅಲ್ಲಿದ್ದದ್ದು ತಲೆಕೆಳಗಾದ ಏಳು. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದರಲ್ಲಿ ತೆಂಗಿನ ನಾರು ಹಿಡಿದು ನನ್ನ ಮುಖವನ್ನೇ ನೋಡಿದಳು. "ಇದೊಂದ ಉಳದೈತಿ. ಇದೂ ಅದ ಅಲ್ಲೇನ್ರಿ? ತಿಕ್ಕಲೇನು?"

"ಬ್ಯಾಡ, ಇದು ಬ್ಯಾರೆ," ಎಂದರೆ ಸಾಕಿತ್ತು. ಆದರೆ ಹಾಗೆಂದರೆ ಇಷ್ಟು ವರ್ಷದ ಸುಳ್ಳನ್ನೂ ಒಪ್ಪಿಕೊಳ್ಳಬೇಕು. ನಾನು ಪುಕ್ಕಲನೆಂದು ಮೊದಲೇ ಹೇಳಿದ್ದೇನೆ.

"ಹೂಂ, ಅದ ಐತಿ. ತಿಕ್ಕು," ಎಂದೆ.

ಈಗ ಹನ್ನೊಂದೂ ಶೋಕೇಸಿನಲ್ಲಿ ರಾಜಾರೋಷವಾಗಿ ಕುಳಿತಿವೆ. ಬಂದವರು, "ಇಷ್ಟ್ಯಾಕ್ರಿ ಮಾಸ್ತರ? ಎಲ್ಲಾ ಒಂದ ಅದಾವಲ್ಲ!" ಎನ್ನುತ್ತಾರೆ. ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಸುವರ್ಣಾಳ ದನಿ ಬರುತ್ತದೆ: "ಅವರೂ ಮೊದಲಿಂದ ಅದನ್ನ ಹೇಳತಿದ್ರು."