ಭಾವನವರು ಸರಾಸರಿ ಲೆಕ್ಕಕ್ಕೆ ಕುಳಿತದ್ದು

ಕಣ್ಣಿಗೆ ಬಿದ್ದದ್ದನ್ನೆಲ್ಲ ಕೂಡಿಸಿ, ಕೂಡಿಸಿದ್ದನ್ನು ಭಾಗಿಸದ ಹೊರತು ನಮ್ಮ ಭಾವನವರಿಗೆ ಉಂಡ ಅನ್ನ ಜೀರ್ಣವಾಗುವುದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ವಡೋದರಾಕ್ಕೆ ಬಂದು ಅವರ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ನೋಡಿ. ರಿಕ್ಷಾದಲ್ಲಿ ಇಕ್ಕಟ್ಟಾಗಿ ಕುಳಿತ ಮೂವರ ಸರಾಸರಿ ತೂಕವನ್ನು ಆ ಮೂವರ ಎದುರಿಗೇ ಘೋಷಿಸುತ್ತಾರೆ. ಮೂವರಲ್ಲಿ ತಮ್ಮ ಹೆಂಡತಿಯೂ ಒಬ್ಬಳೆಂಬ ವಿವೇಚನೆ ಬೇಡವೇ?

ಆ ಹೆಂಡತಿ ನನ್ನ ಅಕ್ಕ. ಭಾವನವರು ಉಡುಪಿ ಕಡೆಯವರು. ವಡೋದರಾದ ಅಲ್ಕಾಪುರಿಯಲ್ಲಿ ಇಡ್ಲಿ-ದೋಸೆಯ ಹೋಟೆಲು. ಮೂವತ್ತು ವರ್ಷಗಳಷ್ಟು ಹಳೆಯದಾದ ಬಿ.ಕಾಂ. ಪದವಿ. ಈ ಸರಾಸರಿಯ ಹುಚ್ಚು ಮಾತ್ರ ಹೊಸದು, ಅದು ಬಂದದ್ದು ಮಗಳಿಂದ. ಕಳೆದ ವರ್ಷ ಅವಳು ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಕುಳಿತಿದ್ದಳು. ಸರಾಸರಿಯ ಲೆಕ್ಕವೊಂದು ಎದುರಾದದ್ದೇ ತಡ, ಕೈಕಾಲು ತಣ್ಣಗಾಗಿ, ಉಳಿದಷ್ಟು ಹೊತ್ತೂ ಕಂಪ್ಯೂಟರ್ ಪರದೆಯನ್ನು ನೋಡುತ್ತ ಕುಳಿತು ಎದ್ದು ಬಂದಳು.

"ಸರಾಸರಿಗೆ ಹೆದರುದಾ? ಕೂಡಿಸು, ಭಾಗಿಸು, ಮುಗೀತು! ಅದರೊಳಗೆ ಹುಲಿ ಉಂಟಾ?" ಎಂದು ಭಾವನವರು ಅಂದು ಗುಡುಗಿದ ಗುಡುಗಿಗೆ ಹುಡುಗಿ ಪುಸ್ತಕವನ್ನೇ ಮುಚ್ಚಿಟ್ಟಳು. ಅಕ್ಕ ತಿಂಗಳುಗಟ್ಟಲೆ ಪುಸಲಾಯಿಸಿದ ಮೇಲೆ, "ಇನ್ನು ಒಂದೇ ಸಲ. ಆಗದಿದ್ರೆ ಮತ್ತೆ ಯಾರೂ ಕೇಳಬಾರದು" ಎಂದು ಒಪ್ಪಿದಳು. ಆಗ ಭಾವನವರು ಎದೆ ತಟ್ಟಿಕೊಂಡರು: "ನಾನೂ ಬರೀತೇನೆ! ಹೆದರ್ಲಿಕ್ಕೆ ಎಂತ ಉಂಟು ಅಂತ ತೋರಿಸ್ತೇನೆ!" ಆ ಪರೀಕ್ಷೆಗೆ ವಯಸ್ಸಿನ ಮಿತಿಯಿಲ್ಲ. ನಿಯಮ ರೂಪಿಸಿದ ಪುಣ್ಯಾತ್ಮರು ನಮ್ಮ ಭಾವನವರನ್ನು ಕಂಡಿರಲಿಲ್ಲ!

ಹಿಂದೊಮ್ಮೆ ಶಾಲೆಯಲ್ಲಿ ಪಾಠ ಹೇಳಿದ ತಪ್ಪಿಗೆ, ಅಪ್ಪ-ಮಗಳಿಬ್ಬರಿಗೂ ಕಲಿಸುವ ಹೊಣೆ ನನ್ನ ಪಾಲಿಗೆ ಬಂತು. ಪ್ರತಿ ಭಾನುವಾರ ಅದೇ ಊರಿನ ಮಾಂಜಲ್‌ಪುರದ ನಮ್ಮ ಮನೆಯೇ ತರಗತಿ. ಕೊಟ್ಟಿರುವುದು, ಸೂತ್ರ, ಕ್ರಮ, ಉತ್ತರ: ಇವು ಒಂದರ ಕೆಳಗೊಂದು ಬರಬೇಕೆಂಬುದು ನನ್ನ ಪದ್ಧತಿ. ಮೊದಲ ದಿನ ಐದು ಸಂಖ್ಯೆ ಬರೆದೆ: ಹನ್ನೆರಡು, ಹದಿನೈದು, ಹನ್ನೊಂದು, ಹದಿನೆಂಟು, ಹದಿನಾಲ್ಕು. ಸೀಮೆಸುಣ್ಣ ಕೆಳಗಿಡುವ ಮೊದಲೇ ಭಾವನವರು ಕೂಗಿದರು, "ಹದಿನಾಲ್ಕು!"

"ಕ್ರಮ ಎಲ್ಲಿ ಭಾವ?"

"ಕ್ರಮ ಎಂತಕ್ಕೆ ಮಾರಾಯ್ತಿ? ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ಯುದು ನೋಡ್ಲಿಲ್ವಾ ನೀನು? ಒಂದು ಕುಳಿಯಲ್ಲಿ ಹೆಚ್ಚಾದ್ರೆ ತೆಗೆದು ಕಮ್ಮಿ ಇದ್ದದ್ದಕ್ಕೆ ಹಾಕುದು. ಹದಿನೆಂಟರಿಂದ ನಾಲ್ಕು ತೆಗಿ. ಹನ್ನೊಂದಕ್ಕೆ ಮೂರು ಹಾಕು, ಒಂದು ಉಳೀತು. ಹದಿನೈದರಿಂದ ಒಂದು ತೆಗಿ, ಎರಡನ್ನೂ ಸೇರಿಸಿ ಹನ್ನೆರಡಕ್ಕೆ ಹಾಕು. ಎಲ್ಲ ಇಡ್ಲಿ ಸಮ!"

ನಾನು ಸೂತ್ರ ಹಾಕಿ ಎರಡೆರಡು ಸಲ ತಾಳೆ ನೋಡಿದೆ. ಎರಡು ಸಲವೂ ಹದಿನಾಲ್ಕೇ! ಮೂಲೆಯಲ್ಲಿ ಮುದುಡಿ ಕುಳಿತಿದ್ದ ಹುಡುಗಿ ಎಷ್ಟೋ ತಿಂಗಳ ನಂತರ ನಕ್ಕಳು. ನನ್ನ ಪದ್ಧತಿ ಸೋತದ್ದು ನನಗೆ ಬೇಸರವಾಯಿತೇ? ಆಯಿತು, ಸ್ವಲ್ಪ.

ನನ್ನ ಸೇಡು ತೀರಿದ್ದು ವೇಗದ ಲೆಕ್ಕದಲ್ಲಿ. ಹೋಗುವಾಗ ಗಂಟೆಗೆ ಅರವತ್ತು ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ ನಲವತ್ತು, ಸರಾಸರಿ ವೇಗವೆಷ್ಟು?

"ಐವತ್ತು!" ಎಂದರು ಭಾವನವರು.

"ನಲವತ್ತೆಂಟು" ಎಂದೆ.

"ಪುಸ್ತಕ ಬರೆದವನಿಗೆ ಕಾರು ಬಿಡ್ಲಿಕ್ಕೆ ಬರ್ತದಾ?"

ಮುಂದಿನ ಭಾನುವಾರ ನಸುಕಿನಲ್ಲೇ ನಾವು ನಾಲ್ವರೂ ಸೂರತ್ ಹೆದ್ದಾರಿಯಲ್ಲಿದ್ದೆವು! ಅರವತ್ತು ಕಿಲೋಮೀಟರ್ ದೂರವನ್ನು ಸರಿಯಾಗಿ ಒಂದು ಗಂಟೆಯಲ್ಲಿ ಕ್ರಮಿಸಿ, ನಲವತ್ತರ ವೇಗದಲ್ಲಿ ತೆವಳುತ್ತ ಹಿಂದಿರುಗಿದೆವು. ಬೆನ್ನಿಗೆ ಬಿದ್ದ ಲಾರಿಯವನು ತಲೆ ಹೊರಹಾಕಿ, "ಕಾಕಾ, ಸೂಯಿ ಗಯಾ ಕೇ?" ಎಂದು, ನಿದ್ದೆ ಹೋದಿರಾ ಎಂದು ಕೇಳಿದ. ಭಾವನವರು ಗಂಭೀರವಾಗಿ, "ಪ್ರಯೋಗ ಚಾಲೇ ಛೇ!" ಎಂದು, ಪ್ರಯೋಗ ನಡೆಯುತ್ತಿದೆ ಎಂದರು. ಅಕ್ಕ ಚಹಾ ಕೇಳಿದರೆ, "ನಿಲ್ಲಿಸಿದ್ರೆ ಸರಾಸರಿ ಕೆಡ್ತದೆ!"

ಬರುವುದಕ್ಕೆ ಒಂದೂವರೆ ಗಂಟೆ. ಒಟ್ಟು ನೂರಿಪ್ಪತ್ತು ಕಿಲೋಮೀಟರ್, ಎರಡೂವರೆ ಗಂಟೆ. "ಫಾರ್ಟಿ ಏಟ್, ಪಪ್ಪಾ! ನಿಧಾನ ಬಂದಿದ್ದಕ್ಕೆ ಟೈಮ್ ಜಾಸ್ತಿ, ಅದಕ್ಕೇ!" ಎಂದು ಹಿಂದಿನ ಸೀಟಿನಿಂದ ಹುಡುಗಿ ಕಿರುಚಿದಳು. ಶಿಸ್ತಿಗೆ ಹೆಸರಾದ ನಾನೂ ಚಪ್ಪಾಳೆ ತಟ್ಟಿಬಿಟ್ಟೆ!

ಪರೀಕ್ಷೆಯ ದಿನ ಬಂತು. ಅದೃಷ್ಟಕ್ಕೆ ಇಬ್ಬರಿಗೂ ಒಂದೇ ಕೇಂದ್ರ, ಬೇರೆ ಬೇರೆ ಕೊಠಡಿ. ಗೇಟಿನಲ್ಲಿ ಕಾವಲುಗಾರ ಭಾವನವರನ್ನು ತಡೆದ. "ಕಾಕಾ, ಪೇರೆಂಟ್ಸ್ ಬಹಾರ್!"

"ಹೂಂ ಪೋತೇ ಕ್ಯಾಂಡಿಡೇಟ್ ಛೂಂ!" ನಾನೇ ಅಭ್ಯರ್ಥಿ ಎಂದು ಪ್ರವೇಶಪತ್ರವನ್ನು ಬಾವುಟದಂತೆ ಎತ್ತಿ ಹಿಡಿದು ಒಳನಡೆದರು. ಸಾಲಿನಲ್ಲಿದ್ದ ಮಕ್ಕಳೆಲ್ಲ ಸೀಟಿ ಹೊಡೆದರು!

ಅಕ್ಕನೂ ನಾನೂ ಎದುರಿನ ಬೇವಿನ ಮರದಡಿ ಕುಳಿತೆವು. ಮೊದಲು ಬಂದವಳು ಹುಡುಗಿ, ಓಡುತ್ತಲೇ ಬಂದಳು. "ಚಿಕ್ಕಮ್ಮಾ, ನಾಲ್ಕು ಸರಾಸರಿ ಬಂದಿತ್ತು. ನಾಲ್ಕೂ ಮಾಡಿದೆ!" ಅಕ್ಕ ಅವಳನ್ನು ಬಾಚಿ ತಬ್ಬಿಕೊಂಡಳು.

ಭಾವನವರು ಬಂದದ್ದು ಎಲ್ಲರಿಗಿಂತ ಕೊನೆಗೆ, ನಿಧಾನವಾಗಿ.

"ಎಷ್ಟು ಮಾಡಿದಿರಿ ಭಾವ?"

"ಒಂದೂ ಇಲ್ಲ."

ತಮಾಷೆಯೆಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. "ಪರದೆಯ ಮೂಲೆಯಲ್ಲಿ ಗಡಿಯಾರ ಇಳೀತಾ ಇತ್ತು. ಅದನ್ನೇ ನೋಡಿದೆ. ಕೈ ತಣ್ಣಗಾಯ್ತು. ಕೂಡಿಸುದು ಹೇಗೆ ಅಂತಲೇ ಮರ್ತು ಹೋಯ್ತು." ಮಗಳ ಕಡೆಗೆ ತಿರುಗಿದರು. "ಕಳೆದ ವರ್ಷ ನಿಂಗೆ ಹೀಗೇ ಆದದ್ದಾ ಪುಟ್ಟಿ?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನು ಎಷ್ಟು ಬೈದೆ ನಿಂಗೆ..."

ಹುಡುಗಿ ಅವರ ಎರಡೂ ಕೈಗಳನ್ನು ತನ್ನ ಅಂಗೈಗಳ ನಡುವೆ ಇಟ್ಟುಕೊಂಡು ಉಜ್ಜತೊಡಗಿದಳು. "ಬಿಡಿ ಪಪ್ಪಾ. ಮುಂದಿನ ವರ್ಷ ಮತ್ತೆ ಬರೀರಿ. ನಾನು ಹೊರಗೆ ಕೂತಿರ್ತೇನೆ."