ತೋಳಿನ ಸೆನ್ಸರೂ ಧಾರವಾಡದ ಪೇಢೆಯೂ

ಸಕ್ಕರೆ ಕಾಯಿಲೆಯ ವಿಷಯದಲ್ಲಿ ನಾನು ಅನುಭವಸ್ಥ. ಇದು ಜಂಬವಲ್ಲ, ಸೇವಾ ಹಿರಿತನ! ಬೆಳಿಗ್ಗೆ ಎದ್ದು ಇನ್ಸುಲಿನ್ ಚುಚ್ಚಿಕೊಳ್ಳುವುದು, ತೋಳಿಗೆ ಸೆನ್ಸರ್ ಅಂಟಿಸಿಕೊಳ್ಳುವುದು, ಹಾಗಲಕಾಯಿ ಪಲ್ಯದ ಎದುರು ಕೂತು ಜಿಲೇಬಿಯ ಧ್ಯಾನ ಮಾಡುವುದು, ಇವೆಲ್ಲ ನನಗೆ ನೀರು ಕುಡಿದಷ್ಟು ಸಲೀಸು. ಆದ್ದರಿಂದ ಠಾಣೆ ಪಟ್ಟಣದ ನಮ್ಮ ಲೇಡಿ ಡಾಕ್ಟರ್, ಮರಾಠಿ ರೂಢಿಯಂತೆ 'ಡಾಕ್ಟರ್ ಬಾಯಿ', "ನೀವು ಬಳಸುವ ಸೆನ್ಸರ್ ಇನ್ನು ಮುಂದೆ ಬರುವುದಿಲ್ಲ, ಕಂಪನಿಯವರು ನಿಲ್ಲಿಸುತ್ತಿದ್ದಾರೆ, ಹೊಸದಕ್ಕೆ ಹೊಂದಿಕೊಳ್ಳಬೇಕು" ಎಂದಾಗ ನಾನು ಕಿಂಚಿತ್ತೂ ವಿಚಲಿತನಾಗಲಿಲ್ಲ.

ಹಳೆಯ ಸೆನ್ಸರ್ ಸಾಧು ಸ್ವಭಾವದ್ದು. ನಾವಾಗಿ ಯಂತ್ರ ಹಿಡಿದು ಕೇಳಿದರೆ ಮಾತ್ರ ಸಕ್ಕರೆ ಎಷ್ಟೆಂದು ಹೇಳುತ್ತಿತ್ತು. ಹೊಸದು ಹಾಗಲ್ಲ. ಗಾತ್ರದಲ್ಲಿ ಅಂಗಿಯ ಗುಂಡಿಯಷ್ಟೇ ಇದ್ದರೂ ಬಾಯಿ ದೊಡ್ಡದು. ಕೇಳದೆಯೇ ಮೊಬೈಲಿಗೆ ವರದಿ ಕಳಿಸುತ್ತದೆ. ಸಕ್ಕರೆ ಇಳಿದರೆ ಬೊಬ್ಬೆ ಹೊಡೆಯುತ್ತದೆ. ಮನೆಯವರ ಮೊಬೈಲಿಗೂ ಚಾಡಿ ಹೇಳುತ್ತದೆ. ಡಾಕ್ಟರ್ ಬಾಯಿ ಕೊನೆಯಲ್ಲಿ ಒಂದು ಮಾತು ಸೇರಿಸಿದರು: "ಬೆರಳು ಚುಚ್ಚಿ ನೋಡುವ ಹಳೆಯ ಗ್ಲುಕೋಮೀಟರ್ ಮಾತ್ರ ಜೊತೆಗೇ ಇರಲಿ. ಸಂಶಯ ಬಂದಾಗ ಅದರಲ್ಲಿ ಖಚಿತ ಮಾಡಿಕೊಳ್ಳಿ."

ನಾನು ಗೌರವಪೂರ್ವಕವಾಗಿ ತಲೆಯಾಡಿಸಿದೆ. ತಲೆಯಾಡಿಸುವುದೂ ಕೇಳಿಸಿಕೊಳ್ಳುವುದೂ ಬೇರೆ ಬೇರೆ ಕ್ರಿಯೆಗಳು ಎಂಬುದು ವಿವಾಹಿತರಿಗೆಲ್ಲ ಗೊತ್ತಿದೆ.

ಡೊಂಬಿವಲಿಯ ಮನೆಗೆ ಬಂದು ಹೊಸ ಪೆಟ್ಟಿಗೆ ಬಿಚ್ಚಿದೆ. ಒಳಗೊಂದು ದಪ್ಪನೆಯ ಮಾಹಿತಿ ಪುಸ್ತಿಕೆ ಇತ್ತು. ನನ್ನ ಹೆಂಡತಿ ವಾರಿಜಾ ಮಂಗಳೂರಿನ ಕಡೆಯವಳು. ಓದದೆ ಒಂದು ಮಾತ್ರೆಯನ್ನೂ ನುಂಗಿದವಳಲ್ಲ.

"ಮೊದಲು ಅದನ್ನು ಸ್ವಲ್ಪ ಓದಿ ಮಾರಾಯ್ರೆ," ಎಂದಳು.

"ಅದರಾಗ ಓದೂದೇನದ? ಹಿಂಗ ಹಿಡಿಯೂದು, ಹಿಂಗ ಒತ್ತೂದು," ಎಂದು ನಾನು ಅಂಟಿಸುವ ಡಬ್ಬಿಯನ್ನು ಸೋಫಾದ ತೋಳಿನ ಮೇಲಿಟ್ಟು ಒತ್ತುವ ಭಂಗಿಯನ್ನು ತೋರಿಸಿದೆ.

ಟಕ್!

ಡಬ್ಬಿ ಎತ್ತಿ ನೋಡಿದರೆ ಸೆನ್ಸರ್ ಸೋಫಾಕ್ಕೆ ಭದ್ರವಾಗಿ ಅಂಟಿ ಕೂತಿತ್ತು. ತೋಳಿಗೆ ಹಾಕಬೇಕೆಂಬ ನಿಯಮವನ್ನು ಅದು ಅಕ್ಷರಶಃ ಪಾಲಿಸಿತ್ತು. ಸೋಫಾದ್ದೂ ತೋಳೇ ತಾನೆ!

ವಾರಿಜಾ ಬಗ್ಗಿ ಅದನ್ನೇ ನೋಡಿದಳು. "ಸೋಫಾಕ್ಕೆ ಶುಗರ್ ಎಷ್ಟುಂಟಂತೆ?"

ಮರುದಿನ ಶನಿವಾರ, ಪೆಟ್ಟಿಗೆಯಲ್ಲಿದ್ದ ಎರಡನೆಯ ಸೆನ್ಸರನ್ನು ನನ್ನ ಸ್ವಂತ ಎಡತೋಳಿಗೆ, ವಾರಿಜಾಳ ಕಣ್ಗಾವಲಿನಲ್ಲಿ, ಯಶಸ್ವಿಯಾಗಿ ಅಂಟಿಸಲಾಯಿತು. ಆಮೇಲೆ ಅವಳು ಠಾಣೆಗೆ ಹೊರಟುಹೋದಳು. ಭಾನುವಾರ ಅಲ್ಲಿ ಅವಳ ತಮ್ಮ ದಿವಾಕರನ ಮಗಳು ಅನಘಾಳ ನಿಶ್ಚಿತಾರ್ಥ. ನಾನು ಮಾತ್ರ ಮನೆಯಲ್ಲೇ ಉಳಿದೆ, ಏಕೆಂದರೆ ನನ್ನ ಮೇಲೊಂದು ಘನ ಜವಾಬ್ದಾರಿ ಇತ್ತು. ವಿಠ್ಠಲವಾಡಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಸುಧೀಂದ್ರ ಊರಿಗೆ ಹೋಗಿದ್ದವನು ಧಾರವಾಡದ ಪೇಢೆ ತರುವವನಿದ್ದ. ಗಂಡಿನ ಕಡೆಯವರಿಗೆ ಬಾಯಿ ಸಿಹಿ ಮಾಡಲು ಅದೇ ಆಗಬೇಕೆಂದು ಮನೆಯವರ ಸಭೆಯಲ್ಲಿ ಪಟ್ಟು ಹಿಡಿದವನು ನಾನೇ. ಹುಟ್ಟೂರಿನ ಮಾನದ ಪ್ರಶ್ನೆ!

ಸಂಜೆ ವಾರಿಜಾಳ ಫೋನ್ ಬಂತು. "ನಿಮ್ಮ ಶುಗರ್ ನನ್ನ ಮೊಬೈಲಿನಲ್ಲಿ ಕಾಣುವ ಹಾಗೆ ಎಂತದೋ ಲಿಂಕ್ ಉಂಟಲ್ಲ, ಅದನ್ನು ಕಳಿಸಿ. ಒಬ್ಬರೇ ಇದ್ದೀರಿ. ನನಗೆ ಹೆದರಿಕೆ ಆಗ್ತದೆ."

"ಈಗ ಕಳಸ್ತೇನಿ ನೋಡು," ಎಂದು ಕಳಿಸಿಯೇ ಬಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದರ ಹಿಂದೊಂದು ಸೂಚನೆಗಳು ಬರತೊಡಗಿದವು. ಜಾಹೀರಾತುಗಳಿರಬೇಕೆಂದು ಓದದೆ ಒರೆಸಿಹಾಕಿದೆ.

ಭಾನುವಾರ ಬೆಳಿಗ್ಗೆ ಸುಧೀಂದ್ರ ಪೇಢೆಯ ದೊಡ್ಡ ಡಬ್ಬಿ ಹೊತ್ತು ಬಂದ. ಅವನಿಗೂ ಹೊಸದಾಗಿ ಸಕ್ಕರೆ ಕಾಯಿಲೆ ಶುರುವಾಗಿತ್ತು.

"ಅಣ್ಣಾ, ಛಲೋ ಗ್ಲುಕೋಮೀಟರ್ ಯಾವದು ತಗೋಬೇಕು?" ಎಂದು ಕೇಳಿದ.

ನನ್ನೊಳಗಿನ ದಾನಶೂರ ಎದ್ದು ನಿಂತ. ಒಳಗೆ ಹೋಗಿ ನನ್ನ ಗ್ಲುಕೋಮೀಟರು, ಸ್ಟ್ರಿಪ್ಪು, ಸೂಜಿಗಳನ್ನೆಲ್ಲ ತಂದು ಅವನ ಕೈಗಿಟ್ಟೆ. "ತಗೋ. ನನಗ ಇನ್ನ ಇದರ ಹಂಗಿಲ್ಲ. ಬೆರಳು ಚುಚ್ಚಗೋಳೋ ಕಾಲ ಮುಗೀತು," ಎಂದು ಸಣ್ಣದೊಂದು ಭಾಷಣವನ್ನೂ ಮಾಡಿದೆ. ಸುಧೀಂದ್ರ ಕಣ್ತುಂಬಿ ಕಾಲಿಗೆ ಬಿದ್ದ. ಗ್ಲುಕೋಮೀಟರ್ ಕೊಟ್ಟು ಪೇಢೆ ತೆಗೆದುಕೊಂಡ ಮಧುಮೇಹಿ ಈ ಭೂಮಿಯ ಮೇಲೆ ನಾನೊಬ್ಬನೇ ಇರಬೇಕು!

ಇನ್ಸುಲಿನ್ ತೆಗೆದುಕೊಂಡು, ತಿಂಡಿ ತಿಂದು, ರೇಶ್ಮೆ ಜುಬ್ಬಾ ಧರಿಸಿ ಹೊರಟೆ. ಜುಬ್ಬಾಕ್ಕೆ ಜೇಬಿರಲಿಲ್ಲ. ಸಕ್ಕರೆ ಇಳಿದರೆ ಇರಲಿ ಎಂದು ಸದಾ ಇಟ್ಟುಕೊಳ್ಳುತ್ತಿದ್ದ ಗ್ಲುಕೋಸ್ ಪೊಟ್ಟಣ ದಿನನಿತ್ಯದ ಪ್ಯಾಂಟಿನಲ್ಲೇ ಉಳಿಯಿತು.

ಭಾನುವಾರ ಎಂದರೆ ರೈಲ್ವೆಯವರ ಮೆಗಾ ಬ್ಲಾಕ್. ಹಳಿ ರಿಪೇರಿಗೆಂದು ಅರ್ಧ ಗಾಡಿಗಳನ್ನು ನಿಲ್ಲಿಸಿ, ಎಲ್ಲ ಜನರನ್ನೂ ಉಳಿದರ್ಧದಲ್ಲಿ ತುಂಬುವ ಪದ್ಧತಿ. ಡೊಂಬಿವಲಿಯಲ್ಲಿ ನಾನು ಲೋಕಲ್ ಹತ್ತಲಿಲ್ಲ, ಹತ್ತಿಸಲ್ಪಟ್ಟೆ. ಪೇಢೆ ಚಪ್ಪಟೆಯಾಗಬಾರದೆಂದು ಡಬ್ಬಿಯನ್ನು ಎದೆಗವಚಿಕೊಂಡೆ. ಬಲಗಡೆ ಜನ. ಎಡಗಡೆ ಬಾಗಿಲ ಪಕ್ಕದ ತಗಡಿನ ಗೋಡೆ. ಎದುರಿಗೆ ಒಬ್ಬ ಮಹಾಶಯರ ವಿಶಾಲವಾದ ಬೆನ್ನು, ನನ್ನ ಎಡತೋಳನ್ನು ಆ ಗೋಡೆಗೆ ಮೊಳೆ ಹೊಡೆದಂತೆ ಒತ್ತಿ ಹಿಡಿದಿತ್ತು.

ದಿವಾ ಸ್ಟೇಷನ್ ದಾಟಿದ ಮೇಲೆ ಗಾಡಿ ನಿಂತಿತು. ಕಾರಣ ಯಾರಿಗೂ ಗೊತ್ತಿಲ್ಲ, ಯಾರೂ ಕೇಳುವುದೂ ಇಲ್ಲ. ಆಗ ಡಬ್ಬಿಯ ಮೇಲೆ ಹಿಡಿದಿದ್ದ ಮೊಬೈಲು ಅಗ್ನಿಶಾಮಕ ದಳದ ಗಾಡಿಯಂತೆ ಕೂಗತೊಡಗಿತು. ನೋಡಿದರೆ ಸಕ್ಕರೆ ಅರವತ್ತೆಂಟು. ಬಾಣದ ಗುರುತು ಕೆಳಮುಖ.

ನನಗೇನೂ ಆಗಿರಲಿಲ್ಲ. ಆದರೆ ಅಂಕಿ ನೋಡಿದ ಕ್ಷಣದಿಂದ ಎಲ್ಲವೂ ಆಗತೊಡಗಿತು! ಬೆವರು ಬಂತು. ಗಾಡಿಯಲ್ಲಿ ಎಲ್ಲರೂ ಬೆವರುತ್ತಿದ್ದರು, ಆದರೆ ನನ್ನದು ವೈದ್ಯಕೀಯ ಬೆವರು. ಮತ್ತೆ ನೋಡಿದೆ. ಐವತ್ತೊಂಬತ್ತು.

"ಕಾಕಾ, ಕಾಯ್ ಝಾಲಂ?" ಏನಾಯಿತೆಂದು ಪಕ್ಕದಲ್ಲಿದ್ದ ಯುವತಿ ಮರಾಠಿಯಲ್ಲಿ ಕೇಳಿದಳು.

"ಶುಗರ್ ಲೋ," ಎಂದೆ, ಕೊನೆಯ ಮಾತು ನುಡಿಯುವವನ ದನಿಯಲ್ಲಿ.

"ಮಗ್ ಗೋಡ್ ಖಾ ನಾ! ಹಾತಾತ್ ತರ್ ಮಿಠಾಯಿ ಆಹೆ!" ಸಿಹಿ ತಿನ್ನಿ, ಕೈಯಲ್ಲೇ ಮಿಠಾಯಿ ಇದೆಯಲ್ಲ ಎಂದು ಆಕೆ ಗದರಿದಳು. ನಾನು ಹೂಂ ಅನ್ನುವ ಮೊದಲೇ ದಾರ ಬಿಚ್ಚಿ ಒಂದು ಪೇಢೆಯನ್ನು ನನ್ನ ಬಾಯಿಗೆ ತುರುಕಿದಳು.

ಅಂಕಿ ಐವತ್ತೆರಡಕ್ಕೆ ಇಳಿಯಿತು. ಇನ್ನೊಂದು ಪೇಢೆ. ಮತ್ತೆ ಕೂಗು. ಮತ್ತೊಂದು ಪೇಢೆ. ಅಷ್ಟರಲ್ಲಿ ಯಾರೋ ಹಿಂದಿನಿಂದ, "ಕುಠಲೆ ಹೋ ಪೇಢೆ? ವಾಸ್ ಮಸ್ತ್ ಆಹೆ," ಎಂದು ಎಲ್ಲಿಯ ಪೇಢೆಯೆಂದು ಕೇಳಿ ಪರಿಮಳವನ್ನು ಹೊಗಳಿದರು. ಧಾರವಾಡದವನ ಮುಂದೆ ಪೇಢೆ ಹೊಗಳಿದರೆ ಅವನು ಪ್ರಾಣಾಪಾಯದಲ್ಲೂ ಆತಿಥ್ಯ ಬಿಡುವುದಿಲ್ಲ. "ತಗೋರಿ, ತಗೋರಿ," ಎಂದುಬಿಟ್ಟೆ. ಡಬ್ಬಿ ತಲೆಗಳ ಮೇಲಿಂದ ತೇಲುತ್ತಾ ಹೋಯಿತು. ಬೆನ್ನಿನ ಮಹಾಶಯರೂ ಕತ್ತು ತಿರುಗಿಸಿ ಎರಡು ತೆಗೆದುಕೊಂಡರು. ಡಬ್ಬಿ ಮರಳಿ ಬಂದಾಗ ಹಗುರವಾಗಿತ್ತು. ಉಳಿದ ನಾಲ್ಕನ್ನು ಔಷಧದ ಲೆಕ್ಕದಲ್ಲಿ ನಾನೇ ಮುಗಿಸಿದೆ. ಈ ನಡುವೆ ವಾರಿಜಾಳ ಫೋನ್ ಬರುತ್ತಲೇ ಇತ್ತು. ಎತ್ತಲು ಹೋದರೆ ಕಟ್ಟಾಗುತ್ತಿತ್ತು, ಸಿಗ್ನಲ್ ಇಲ್ಲ.

ಕಳವಾ ಸ್ಟೇಷನ್ನಿನಲ್ಲಿ ಬೆನ್ನಿನ ಮಹಾಶಯರು ಇಳಿದರು. ನನ್ನ ತೋಳಿಗೆ ಬಿಡುಗಡೆ ಸಿಕ್ಕಿತು. ಗಾಡಿ ಮುಂದೆ ಮತ್ತೆ ನಿಂತಿದ್ದಾಗ ಪವಾಡ ನಡೆಯಿತು. ಎಪ್ಪತ್ತು, ನೂರು, ನೂರನಲವತ್ತು! "ನೋಡ್ರಿ, ಧಾರವಾಡ ಪೇಢೆದ ಮಹಿಮಾ!" ಎಂದು ನಾನು ಕೈಯೆತ್ತಿ ಸಾರಿದೆ. ಸುತ್ತಲಿನವರು ಚಪ್ಪಾಳೆ ತಟ್ಟಿದರು. ಅಂಕಿ ಮಾತ್ರ ನಿಲ್ಲಲಿಲ್ಲ. ಠಾಣೆಯಲ್ಲಿ ಇಳಿಯುವಾಗ ಇನ್ನೂರ ಎಪ್ಪತ್ತು, ಬಾಣದ ಗುರುತು ಆಕಾಶಕ್ಕೆ.

ಪ್ಲಾಟ್‌ಫಾರ್ಮಿನಲ್ಲಿ ಒಂದು ಗಾಲಿಕುರ್ಚಿ ನಿಂತಿತ್ತು. ಪಾಪ, ಯಾರಿಗೆ ಏನಾಗಿದೆಯೋ ಎಂದುಕೊಂಡೆ. ಅದರ ಹಿಂದೆ ವಾರಿಜಾ, ದಿವಾಕರ, ಜರಿ ಪೇಟದ ಇಬ್ಬರು ಅಪರಿಚಿತರು, ಶಲ್ಯ ಹೊದ್ದ ಪುರೋಹಿತರು!

"ಭಾವಾ!" ಎಂದು ದಿವಾಕರ ಓಡಿ ಬಂದು ನನ್ನನ್ನು ಕುರ್ಚಿಗೆ ಒತ್ತಿದ. "ಇವರು ಗಂಡಿನ ತಂದೆ, ಇವರು ಚಿಕ್ಕಪ್ಪ. ನಿಮ್ಮ ಶುಗರ್ ಐವತ್ತೆರಡು ಅಂತ ಹಾಲ್‌ನಲ್ಲಿ ಎಲ್ಲರ ಮೊಬೈಲೂ ಬಡಿದುಕೊಂಡಿತು, ಹಾಗೇ ಓಡಿ ಬಂದೆವು!"

"ಎಲ್ಲರದೂ?"

ಆಗ ತಿಳಿಯಿತು. ನಾನು ಲಿಂಕ್ ಕಳಿಸಿದ್ದು ಹೆಂಡತಿಗಲ್ಲ, ನಿಶ್ಚಿತಾರ್ಥದ ವಾಟ್ಸಾಪ್ ಗ್ರೂಪಿಗೆ. ಎರಡೂ ಕಡೆಯ ಬೀಗರು ಅದನ್ನು ನಿಶ್ಚಿತಾರ್ಥದ ಹಾಲ್‌ನ ವಿಳಾಸವೆಂದು ತಿಳಿದು ಒತ್ತಿದ್ದರು. ನನ್ನ ಮುಖ ನೋಡುವ ಮೊದಲೇ ಗಂಡಿನ ಕಡೆಯವರು ನನ್ನ ರಕ್ತವನ್ನು ನೋಡಿದ್ದರು!

ವಾರಿಜಾ ನನ್ನ ಮೀಸೆಯ ಮೇಲಿದ್ದ ಪೇಢೆಯ ಪುಡಿಯನ್ನು ನೋಡಿದಳು. ಖಾಲಿ ಡಬ್ಬಿಯನ್ನು ನೋಡಿದಳು. ರಿಕ್ಷಾದಲ್ಲಿ ಕೂತ ಮೇಲೆ ನನ್ನ ಕೈ ಹಿಡಿದಳು. ಅವಳ ಕೈ ಐಸಿನ ಹಾಗೆ ತಣ್ಣಗಿತ್ತು.

"ಫೋನ್ ತೆಗೆಯಲಿಲ್ಲ ನೀವು. ನಾನು ಎಂತೆಲ್ಲ ಯೋಚನೆ ಮಾಡಿದೆ ಗೊತ್ತುಂಟಾ?" ಎಂದಳು ಮೆಲ್ಲಗೆ.

ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಈಗ "ತಪ್ಪಾತು" ಎಂದಷ್ಟೇ ಹೇಳಿದೆ. ಹಾಲ್ ಇದ್ದ ಕೋರ್ಟ್ ನಾಕಾ ಬರುವವರೆಗೂ ಅವಳು ಕೈ ಬಿಡಲಿಲ್ಲ.

ಹಾಲ್‌ನಲ್ಲಿ ಗಂಡಿನ ಅಜ್ಜಿ ನನಗಾಗಿಯೇ ಕಾಯುತ್ತಿದ್ದರು. ಮೈಸೂರಿನ ಕಡೆಯ ಹಿರಿಯ ಜೀವ. ಚೀಲದಿಂದ ತಮ್ಮ ಗ್ಲುಕೋಮೀಟರ್ ತೆಗೆದು, "ಬೆರಳು ಕೊಡಪ್ಪ" ಎಂದರು. ನಾನು ಕೊಟ್ಟೆ. ಸಮಸ್ತ ಬಂಧುಬಳಗದ ಎದುರು ರಕ್ತ ಬಂತು. ಮುನ್ನೂರ ಹತ್ತು!

"ಕಮ್ಮಿ ಅಂದ್ರಲ್ಲೋ! ಇದು ನನಗಿಂತ ಜಾಸ್ತಿ ಇದೆ," ಎಂದು ಅಜ್ಜಿ ಆಶ್ಚರ್ಯಪಟ್ಟರು.

ವಾರಿಜಾ ಡಾಕ್ಟರ್ ಬಾಯಿಗೆ ಫೋನ್ ಹಚ್ಚಿದಳು. ಅವರು ಎಲ್ಲ ಕೇಳಿಸಿಕೊಂಡು ಶಾಂತವಾಗಿ ವಿವರಿಸಿದರು. ಸೆನ್ಸರ್ ಇರುವ ತೋಳು ಬಹಳ ಹೊತ್ತು ಒತ್ತಿಕೊಂಡಿದ್ದರೆ ಅದು ಸುಳ್ಳು ಸುಳ್ಳೇ ಕಡಿಮೆ ತೋರಿಸುವುದುಂಟು. ಇಳಿದದ್ದು ಸಕ್ಕರೆಯಲ್ಲ, ಒತ್ತಿದ್ದು ಬೆನ್ನು! ಪರೀಕ್ಷಿಸಲು ಬೇರೆ ದಾರಿಯಿಲ್ಲದಾಗ ಸ್ವಲ್ಪ ಸಿಹಿ ತಿಂದದ್ದು ಸರಿ. ಡಬ್ಬಿ ಮುಗಿಸಿದ್ದು ಸರಿಯಲ್ಲ. ಈಗ ಗಾಬರಿಯಲ್ಲಿ ಮನಸ್ಸಿಗೆ ಬಂದಷ್ಟು ಇನ್ಸುಲಿನ್ ಚುಚ್ಚಿಕೊಳ್ಳಬಾರದು. ನೀರು ಕುಡಿಯಲಿ, ಆಗಾಗ ಬೆರಳು ಚುಚ್ಚಿ ನೋಡಿ ತಿಳಿಸಲಿ. ಕೊನೆಗೆ ಕೇಳಿದರು: "ಅವರ ಗ್ಲುಕೋಮೀಟರ್ ಎಲ್ಲಿ?"

"ವಿಠ್ಠಲವಾಡಿಯಲ್ಲಿ," ಎಂದೆ. ಇಡೀ ಹಾಲ್ ನಕ್ಕಿತು.

ಪುರೋಹಿತರು ಗಡಿಯಾರ ತೋರಿಸಿ, ಮುಹೂರ್ತ ಜಾರುತ್ತಿದೆ, ಸಿಹಿ ತನ್ನಿ ಎಂದು ಅವಸರಪಡಿಸಿದರು. ಎಲ್ಲರ ಕಣ್ಣೂ ನನ್ನ ಖಾಲಿ ಡಬ್ಬಿಯ ಮೇಲೆ. ದಿವಾಕರನ ಮುಖ ಕಪ್ಪಿಟ್ಟಿತು. ಇದೇ ಹೊತ್ತಿಗೆ ಅನಘಾ ಎದ್ದು ಬಂದು ನನ್ನ ಪಕ್ಕ ನಿಂತಳು. "ಮಾಮಾ, ಟೆನ್ಶನ್ ಮತ್ ಲೋ," ಎಂದು ಸಮಾಧಾನ ಹೇಳಿ ಅಡುಗೆಮನೆಗೆ ಹೋಗಿ ಒಂದು ಬೆಳ್ಳಿಯ ಬಟ್ಟಲಿನಲ್ಲಿ ಸಕ್ಕರೆ ತಂದಳು. ಅಜ್ಜಿ ಮೊದಲ ಚಿಟಿಕೆಯನ್ನು ಹುಡುಗಿಯ ಬಾಯಿಗೆ ಹಾಕಿದರು. "ಸಕ್ಕರೆಗಿಂತ ಶುಭ ಯಾವುದಮ್ಮ?" ಎಂದರು. ಎರಡೂ ಕಡೆಯವರ ಬಾಯಿ ಸಿಹಿಯಾಯಿತು. ಬಟ್ಟಲು ನನ್ನ ಹತ್ತಿರ ಬಂದಾಗ ಮಾತ್ರ ಹತ್ತಾರು ಕೈಗಳು ಒಟ್ಟಿಗೆ ಅಡ್ಡ ಬಂದವು!

ಊಟದ ಹೊತ್ತಿಗೆ ಸಕ್ಕರೆ ಇಳಿಮುಖವಾಗಿತ್ತು. ಎಲ್ಲರ ಎಲೆಗೂ ಹೋಳಿಗೆ ಬಂತು. ನನ್ನ ಎಲೆಗೆ ಸೌತೆಕಾಯಿ ಬಂತು, ಸೌತೆಕಾಯಿಯ ಮೇಲೆ ಮತ್ತೆ ಸೌತೆಕಾಯಿ ಬಂತು. ಪಕ್ಕದಲ್ಲಿ ಕೂತಿದ್ದ ಗಂಡಿನ ತಂದೆ ಸಜ್ಜನರು. ನನ್ನ ಸಂಕೋಚ ಕಳೆಯಬೇಕೆಂದು ಮಾತು ತೆಗೆದರು.

"ತಾವು ಡೊಂಬಿವಲಿಯಲ್ಲಿ ಕೆಲಸ ಏನು ಮಾಡ್ತೀರಿ?"

ನಾನು ಬಾಯಿ ತೆರೆಯುವ ಮೊದಲೇ ಎದುರು ಸಾಲಿನಿಂದ ವಾರಿಜಾ ಹೇಳಿದಳು:

"ಇವರು ಕೆಮಿಕಲ್ ಫ್ಯಾಕ್ಟರಿಯಲ್ಲಿ ಸೇಫ್ಟಿ ಆಫೀಸರ್. ಅಲಾರಂ ಹೊಡೆದಾಗ ಗಾಬರಿಯಾಗದೆ ಎಂತ ಮಾಡಬೇಕು ಅಂತ ಎಲ್ಲರಿಗೂ ಟ್ರೇನಿಂಗ್ ಕೊಡುವುದು ಇವರೇ."

ನಾನು ಸೌತೆಕಾಯಿಯ ದೊಡ್ಡದೊಂದು ಹೋಳನ್ನು ಆರಿಸಿ ಬಾಯಿಗಿಟ್ಟುಕೊಂಡೆ. ಬಾಯಿ ತುಂಬಿದವನನ್ನು ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ!