ಮಗಳಿಗೆ ನೂರಾ ಎಂಟು ಕಲಿಸಿದ ಪ್ರಸಂಗ

"ನಮ್ಮ ಮನ್ಯಾಗ ಎಂಥಾ ಹೊತ್ತು ಬಂದ್ರೂ ನಾ ರೆಡಿ!" ಅಂತ ಕುಕನೂರಿನ ನಮ್ಮ ಓಣಿ ತುಂಬ ಡಂಗುರ ಹೊಡ್ಕೊಂಡು ತಿರುಗಾಡತಿದ್ದೆ. ಹೆಂಡ್ತಿ ವಾಣಿಶ್ರೀಗೆ ಎಂಟು ತಿಂಗಳು ತುಂಬಿತ್ತು. ನಾನು ಹಗಲೆಲ್ಲಾ ಬೀಜದ ಅಂಗಡ್ಯಾಗ. ಆಕಿ ಜೋಡಿ ಮನ್ಯಾಗ ಇರಾಕಿ ನಾಕು ವರ್ಷದ ಮಗಳು ನೇತ್ರಾ ಒಬ್ಬಾಕಿನೇ. ಬ್ಯಾನಿ ಶುರುವಾದ್ರ ಹ್ಯಾಂಗ?

"ನೇತ್ರಾಗ ನೂರಾ ಎಂಟಕ್ಕ ಫೋನ್ ಹಚ್ಚೋದು ಕಲಸ್ತೀನಿ!" ಅಂದೆ.

"ಮದಲ ನೀವು ಗ್ಯಾಸ್ ಬಂದ್ ಮಾಡೋದು ಕಲೀರಿ," ಅಂದ್ಲು ವಾಣಿಶ್ರೀ.

ದೊಡ್ಡ ಕೆಲಸಕ್ಕ ಕೈ ಹಾಕಿದವರು ಇಂಥಾ ಮಾತು ಕಿವಿಗೆ ಹಾಕ್ಕೋಬಾರದು! ಮಗಳಿಗೆ ಗಿಳಿಪಾಠ ಮಾಡಿಸಿಯೇ ಬಿಟ್ಟೆ: "ಹೊಟ್ಟಿ ಬ್ಯಾನಿ ಶುರುವಾಗೈತ್ರಿ, ಪಾಪು ಬರಾಕತ್ತೈತಿ, ಕುಕನೂರಾಗ ಬಸವಣ್ಣನ ಗುಡಿ ಹಿಂದಿನ ನೀಲಿ ಬಾಗಲ ಮನಿ, ಲಗೂನ ಬರ್ರಿ!"

ಆ ಐತವಾರ ಅಂಗಡಿ ಸೂಟಿ, ವಾಣಿಶ್ರೀ ಬಾಜೂ ಮನಿ ಪಂಪಮ್ಮನ ಕಡೆ ಹೋಗಿದ್ಲು. ಆಕಿ ಬರೂದ್ರಾಗ ಸಂತಿಯಿಂದ ತಂದ ಮಿರ್ಚಿ ಭಜಿ ಪೊಟ್ಟಣ ಪೂರಾ ನಾನೇ ಸ್ವಾಹಾ ಮಾಡಿದೆ. ತಗೋರಿ, ಹೊಟ್ಟ್ಯಾಗ ಶುರುವಾತು ಕುರುಕ್ಷೇತ್ರ! ನೆಲದ ಮ್ಯಾಲೆ ಬಿದ್ದು ಉಳ್ಳಾಡಿದೆ. "ಅಯ್ಯಯ್ಯೋ ಹೊಟ್ಟೀ! ಸತ್ತೆನವ್ವೋ!"

ನೇತ್ರಾ ನನ್ನ ಮಾರಿ ನೋಡಿದ್ಲು. ಹೊಟ್ಟಿ ನೋಡಿದ್ಲು. ಖರೇ ಹೇಳಬೇಕಂದ್ರ, ನನ್ನ ಹೊಟ್ಟಿ ಅವರವ್ವನ ಹೊಟ್ಟಿಗಿಂತ ಏನೂ ಕಮ್ಮಿ ಇರಲಿಲ್ಲ! ಸುಮ್ಮನ ಫೋನ್ ತಗೊಂಡು ಒಳಗ ಹೋದ್ಲು. ಕಾರ್ಟೂನ್ ನೋಡಾಕ ಹೋದ್ಲಂತ ನಾ ತಿಳಕೊಂಡೆ.

ಆಮ್ಯಾಲೆ ಸೈರನ್ ಕೇಳಿಸ್ತು. "ಪಾಪ, ಯಾರಿಗೆ ಏನಾಗೈತೋ" ಅಂತ ಆ ನೋವಿನ್ಯಾಗೂ ಮರುಗಿದೆ. ಗಾಡಿ ನಮ್ಮ ಬಾಗಲಕ್ಕೇ ಬಂದು ನಿಂತಿತು! ಹಿಂದ ಓಣಿಗೆ ಓಣಿನೇ. ನರ್ಸಮ್ಮ ಸ್ಟ್ರೆಚರ್ ಸಮೇತ ಒಳಗ ನುಗ್ಗಿದ್ರು.

"ಬ್ಯಾನಿ ತಿನ್ನೋರು ಎಲ್ಲದಾರ?"

"ಇಲ್ಲೇ ಅದಾರ್ರೀ!" ನೇತ್ರಾ ನನ್ನ ತೋರಿಸಿದ್ಲು.

ನರ್ಸಮ್ಮ ಭಜಿ ಪೊಟ್ಟಣ ನೋಡಿದ್ರು, ನನ್ನ ನೋಡಿದ್ರು. "ನಿಮಗ ಎಷ್ಟನೇ ತಿಂಗಳ್ರೀ?"

ಕಿಡಕ್ಯಾಗ ಹಣಿಕಿ ಹಾಕಿದವರೆಲ್ಲ ಬಿದ್ದು ಬಿದ್ದು ನಕ್ರು. ಅಷ್ಟರಾಗ ವಾಣಿಶ್ರೀ ಏದುಸಿರು ಬಿಡಕೋತ ಬಂದ್ಲು. ನಾ ನರ್ಸಮ್ಮಗ ಕೈ ಮುಗಿದೆ. "ತಪ್ಪಾತ್ರಿ, ಸಣ್ಣ ಕೂಸು..."

"ಕೂಸಿಂದೇನು ತಪ್ಪಿಲ್ಲ. ವಿಳಾಸ ಎಷ್ಟು ಛಂದ ಹೇಳ್ಯಾಳ!" ಅಂದ ನರ್ಸಮ್ಮನ ಕಣ್ಣು ವಾಣಿಶ್ರೀ ಕಾಲಿನ ಮ್ಯಾಲೆ ನಿಂತ್ವು. "ಏನವಾ, ಕಾಲು ಯಾವಾಗಿಂದ ಹಿಂಗ ಬಾತಾವು? ತಲಿ ನೋಯ್ತೈತೇನು?"

"ನಿನ್ನೆಯಿಂದ ಸಿಡಿತೈತ್ರಿ. ಕಣ್ಣೂ ಮಬ್ಬಾಗ್ತಾವ. ಇವರ ತಾಲೀಮಿನ ಗದ್ದಲದಾಗ ಯಾರಿಗೆ ಹೇಳಲಿ?"

ನರ್ಸಮ್ಮ ಬಿಪಿ ನೋಡಿದ್ರು. ಅವರ ಮಾರಿ ಮ್ಯಾಲಿನ ನಗು ಹೋತು. "ಭಾಳ ಏರೈತಿ. ಈಗಿಂದೀಗ ಕೊಪ್ಪಳಕ್ಕ ನಡೀರಿ."

ನನ್ನ ಹೊಟ್ಟಿನೋವು ಎಲ್ಲಿ ಹೋತೋ ದೇವರಿಗೇ ಗೊತ್ತು! ನೇತ್ರಾನ್ನ ಪಂಪಮ್ಮನ ಕೈಯಾಗ ಬಿಟ್ಟು ಗಾಡಿ ಹತ್ತಿದೆ. ದಾರಿಯುದ್ದಕ್ಕೂ ವಾಣಿಶ್ರೀ ಕೈ ಹಿಡಕೊಂಡು ಕುಂತಿದ್ದೆ. ಆಕಿ ಕಣ್ಣು ಮುಚ್ಚಿಕೊಂಡು ಅಂದ್ಲು, "ನನಗೊಂದು ಭಜಿ ಇಡಬಾರದಿತ್ತೇನ್ರೀ?"

ಬಿಪಿ ಇಳೀಲಿಲ್ಲಂತ ಡಾಕ್ಟರಮ್ಮ ದಿನಾ ತುಂಬೂತನಕ ಕಾಯಲಿಲ್ಲ, ಮರುದಿನನೇ ಹೆಣ್ಣು ಕೂಸು ಹುಟ್ಟಿತು. ಮುಷ್ಟಿಯಷ್ಟು ಕೂಸು, ದವಾಖಾನಿ ಹಾರಿಹೋಗುವಂಥಾ ಅಳು! ತಾಯಿ ಮಗಳು ಇಬ್ಬರೂ ಆರಾಮ.

"ಸರಿಯಾದ ಹೊತ್ತಿಗೆ ಬಂದ್ರಿ," ಅಂದ್ರು ಡಾಕ್ಟರಮ್ಮ.

ನಾ ಎದಿ ಉಬ್ಬಿಸಿ, "ಎಲ್ಲಾ ನನ್ನ ಪೂರ್ವತಯಾರಿ ನೋಡ್ರಿ!" ಅನ್ನೋದ್ರಾಗ, ಪಂಪಮ್ಮನ ಜೋಡಿ ಬಂದಿದ್ದ ನೇತ್ರಾ ತಂಗೀನ್ನ ಕಣ್ತುಂಬ ನೋಡಿದ್ಲು. ಆಮ್ಯಾಲೆ ನನ್ನ ಹೊಟ್ಟಿ ಮ್ಯಾಲೆ ಕೈ ಇಟ್ಟು, ಭಾಳ ಕಾಳಜಿಯಿಂದ ಡಾಕ್ಟರಮ್ಮನ್ನ ಕೇಳಿದ್ಲು:

"ಇವರದು ಇನ್ನ ಯಾವಾಗ್ರೀ?"